ಮೂರನೇ ಕೂಗಿಗೆ ಓ

ಕತ್ತಲಾಗುವ ಹೊತ್ತಿಗೆ ಹೊರಗಿನಿಂದ ಯಾರಾದರೂ ಕೂಗಿದರೆ ಮೊದಲನೇ ಕೂಗಿಗೆ ಓ ಅನ್ನಬಾರದು ಎಂದು ಅಪ್ಪ ನನಗೆ ಕಲಿಸಿದ್ದ. ಎರಡನೆಯದಕ್ಕೂ ಅನ್ನಬಾರದು. ಮನುಷ್ಯರಾದರೆ ಮೂರನೇ ಸಲ ಕೂಗೇ ಕೂಗುತ್ತಾರೆ. ಮಾರಿಯಾದರೆ ಎರಡು ಸಲ ಕೂಗಿ, ಉತ್ತರ ಬರದಿದ್ದರೆ ಮುಂದಿನ ಮನೆಗೆ ಹೋಗುತ್ತಾಳೆ. ಅದರಲ್ಲೂ ಗುರುತಿನ ದನಿ ಕೇಳಿಸಿತೆಂದರೆ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಮಾರಿ ಕೂಗುವುದೇ ಮನೆಯವರ ದನಿಯಲ್ಲಿ. ಮಲಪನಗುಡಿಯ ನಮ್ಮ ಓಣಿಯಲ್ಲಿ ಇದನ್ನು ಯಾರೂ ದೊಡ್ಡ ವಿಷಯವೆಂದು ತಿಳಿದಿರಲಿಲ್ಲ. ಉಂಡ ಮೇಲೆ ಕೈ ತೊಳೆಯುತ್ತೇವಲ್ಲ, ಹಾಗೆ ಇದೂ ಒಂದು.

ಓದಿದವರು ಕೇಳಿದರೆ ನಗುತ್ತಾರೆ. ನಗಲಿ, ಅವರ ಬಾಯಿ ಅವರದು. ಅಪ್ಪ ಚಿಕ್ಕವನಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಒಂದು ಸಂಜೆ ಗುಡಿಸಲ ಹೊರಗೆ ಅವರವ್ವ ಕೂಗಿದ ಹಾಗಾಯಿತು. ಅಪ್ಪನ ಅಣ್ಣ 'ಓ, ಬಂದೆ' ಅಂತ ಎದ್ದು ಹೋದ. ಹೊರಗೆ ಯಾರೂ ಇರಲಿಲ್ಲ. ಅವ್ವ ಒಳಗೆ ಒಲೆಯ ಮುಂದೆಯೇ ಕೂತಿದ್ದಳು. ಮರುದಿನ ಅವನ ಕಂಕುಳಲ್ಲಿ ಗಡ್ಡೆ ಎದ್ದಿತು, ಎರಡು ದಿನದಲ್ಲಿ ಹೋದ. ಈ ಕತೆ ಹೇಳುವಾಗ ಅಪ್ಪ ಪ್ರತಿ ಸಲವೂ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದ. ಮಿಕ್ಕ ವಿಷಯದಲ್ಲಿ ಅವನು ಯಾರಿಗೂ ಹೆದರುವ ಪೈಕಿ ಅಲ್ಲ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ನಮ್ಮೂರಿಗೂ ಹೊಸಪೇಟೆಗೂ ನಡುವೆ ಕಾಲುವೆಯ ಪಕ್ಕದಲ್ಲಿದ್ದ ಬೀಳು ನೆಲದ ಸುತ್ತ ಮುಳ್ಳುತಂತಿ ಬಿತ್ತು. ಒಳಗೆ ಏನಿದೆಯೆಂದು ಸರಕಾರ ಹೇಳಲಿಲ್ಲ. ಸರಕಾರ ಹೇಳದಿದ್ದರೇನು, ಹೊಸಪೇಟೆಯ ಬಜಾರಕ್ಕೆ ಮೊದಲನೇ ವಾರವೇ ಗೊತ್ತಾಗಿತ್ತು. ಪೆಟ್ರೋಲಿನ ಡಬ್ಬಿ, ಡೇರೆ, ಲಾರಿಯ ಟೈರು, ಆಚೆ ಮಣ್ಣಿನ ದಿಬ್ಬದ ಹಿಂದೆ ಮದ್ದುಗುಂಡು. ರೈಲಿನಲ್ಲಿ ಬಂದದ್ದನ್ನು ಲಾರಿಗಳು ದಿನವಿಡೀ ತಂದು ಸುರಿಯುತ್ತಿದ್ದವು. ಸಂಡೂರಿನಿಂದ ಅದಿರು ಹೊತ್ತು ಬರುವ ಗಾಡಿಗಳ ಕೆಂಪು ಧೂಳಿನ ಜೊತೆಗೆ ಈ ಲಾರಿಗಳ ಧೂಳೂ ಸೇರಿ ನಮ್ಮ ಬಾಳೆ ತೋಟದ ಎಲೆಗಳ ಬಣ್ಣವೇ ಕೆಟ್ಟಿತು. ಜನ ಅದಕ್ಕೆ ಕ್ಯಾಂಪು ಅಂದರು.

ಕ್ಯಾಂಪು ಕಾಯಲು ಒಂದು ಪಡೆ ಕಟ್ಟಿದರು. ಅದು ಅತ್ತ ಸೈನ್ಯವೂ ಅಲ್ಲ, ಇತ್ತ ಊರ ಪೊಲೀಸೂ ಅಲ್ಲ. ಅದಕ್ಕೆ ಉದ್ದನೆಯ ಇಂಗ್ಲಿಷು ಹೆಸರೊಂದಿತ್ತಂತೆ, ನಮಗೆ ಅದು ಕ್ಯಾಂಪ್ ಪೊಲೀಸು. ಕಂಪ್ಲಿಯ ಹರಿಗೋಲು ಹಾಕುವವರು, ಕಡ್ಡಿರಾಂಪುರದ ಕೂಲಿಗಳು, ಸಂಡೂರಿನ ಕಡೆಯಿಂದ ಗಣಿ ಬಿಟ್ಟು ಬಂದವರು, ಎಲ್ಲರೂ ತಾಲ್ಲೂಕು ಕಚೇರಿಯ ಬಯಲಲ್ಲಿ ಸಾಲು ನಿಂತು ಎದೆ ಅಳೆಸಿಕೊಂಡರು. ಕಬ್ಬಿನ ಗಾಡಿ ಹೊಡೆಯುತ್ತಿದ್ದ ನನ್ನ ಗಂಡನೂ ನಿಂತರು. ಈ ಪಡೆಯ ಚರಿತ್ರೆಯನ್ನು ಯಾರೂ ಬರೆದಿಲ್ಲ. ಬರೆಯುವಂಥದ್ದು ಅಲ್ಲಿ ಏನೂ ನಡೆಯಲಿಲ್ಲ ಎಂಬುದು ದೊಡ್ಡವರ ಅಭಿಪ್ರಾಯ. ನಾನು ಹಾಗೆ ತಿಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆರಿಸಿಕೊಂಡವರಿಗೆ ಕ್ಯಾಂಪಿನ ಬೇಲಿಗೆ ಹತ್ತಿಕೊಂಡೇ, ಹೊಸಪೇಟೆಯ ಕಡೆ, ತಗಡಿನ ಮಾಡಿನ ಮನೆಗಳ ಸಾಲು ಕಟ್ಟಿಕೊಟ್ಟರು. ಅದಕ್ಕೆ ಲೈನು ಅಂತ ಹೆಸರು. ಒಂದೊಂದು ಕೋಣೆ, ಮುಂದೆ ಒಂದು ಒಲೆ ಹೂಡುವಷ್ಟು ಜಾಗ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂತರೆ ರೊಟ್ಟಿ ಬೇಯಿಸಲು ಬೇರೆ ಒಲೆ ಬೇಕಾಗಿರಲಿಲ್ಲ. ಗಂಡ ಮೊದಲ ದಿನ ಖಾಕಿ ತೊಟ್ಟು, ಬೂಟು ಹಾಕಿ ಬಂದು ಬಾಗಿಲಲ್ಲಿ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಬೂಟು ಕಚ್ಚಿ ಎರಡೂ ಹಿಮ್ಮಡಿ ಬೊಬ್ಬೆ ಎದ್ದಿದ್ದವು. ಆದರೂ ಅದನ್ನು ಬಿಚ್ಚಲು ಅವರಿಗೆ ಮನಸ್ಸಿಲ್ಲ.

"ನಗಬ್ಯಾಡಲೇ," ಅಂದರು. "ಸರಕಾರದ ಬೂಟಿದು."

"ಸರಕಾರಕ್ಕ ನಿಮ್ಮ ಕಾಲಿನ ಅಳತಿ ಗೊತ್ತಿಲ್ಲೇನ್ರಿ?" ಅಂದೆ.

ಕವಾಯತು ಕಲಿಸಲು ಹೊರಗಿನಿಂದ ಒಬ್ಬ ಹವಾಲ್ದಾರ ಬಂದಿದ್ದ. ಹಳೆಯ ಸಿಪಾಯಿ, ಉರ್ದು ಮತ್ತು ತೆಲುಗು ಎರಡನ್ನೂ ಬೈಗುಳದ ಸಮೇತ ಬಲ್ಲವ. ಅವನ ಮೇಲೆ ಒಬ್ಬ ಬಿಳಿ ದೊರೆ. ಹವಾಲ್ದಾರ ಕಲಿಸಿದ್ದರಲ್ಲಿ ನಮಗೆಲ್ಲ ಬಾಯಿಪಾಠವಾದದ್ದು ಒಂದೇ ಮಾತು. ಪಹರೆಯವನು ಯಾರನ್ನಾದರೂ ಕಂಡರೆ 'ಹುಕುಂದಾರ್!' ಎಂದು ಕೂಗಬೇಕು. ಬಂದವನು 'ಫ್ರೆಂಡ್' ಅನ್ನಬೇಕು. ಯಾರು ಬರುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳುವ ಮಾತು ಸಿಪಾಯಿಗಳ ಬಾಯಲ್ಲಿ ಸವೆದು ಸವೆದು ಹುಕುಂದಾರ್ ಆಗಿತ್ತಂತೆ. ನಮಗೆ ಅದೆಲ್ಲಿ ಗೊತ್ತು? ಹುಕುಂ ಅಂದರೆ ಅಪ್ಪಣೆ, ಹುಕುಂದಾರ ಅಂದರೆ ಅಪ್ಪಣೆ ಕೊಡುವವನು. ಪಹರೆಯವನು ತನ್ನ ಬಿರುದನ್ನು ತಾನೇ ಸಾರುತ್ತಿದ್ದಾನೆ ಎಂದು ಊರು ತಿಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಕ್ಕಿತು. ಬಾವಿಯ ಹತ್ತಿರ ನನ್ನನ್ನು ಕಂಡರೆ ಸಾಕು, "ಸರೀರೆವ್ವಾ, ಹುಕುಂದಾರ್ನ ಹೇಣ್ತಿ ಬಂದ್ಲು, ದಾರಿ ಬಿಡ್ರಿ," ಅನ್ನುತ್ತಿದ್ದರು. ನಾನೂ ಸೆರಗು ಬೀಸಿಕೊಂಡು ಮುಂದೆ ಹೋಗಿ ಕೊಡ ಇಡುತ್ತಿದ್ದೆ.

ಮೊದಲು ಅವರ ಕೈಯಲ್ಲಿ ಇದ್ದದ್ದು ಲಾಠಿ ಮತ್ತು ಸೀಟಿ. ಆಮೇಲೆ ಬಂದೂಕು ಬಂದವು. ಅದರ ಜೊತೆಗೇ ಹೊಸ ನಿಯಮ ಬಂತು. ಮೂರು ಸಲ ಹುಕುಂದಾರ್ ಅನ್ನಬೇಕು, ಮೂರಕ್ಕೂ ಉತ್ತರ ಬರದಿದ್ದರೆ ಗುಂಡು ಹಾರಿಸಬೇಕು.

ಈ ನಿಯಮಕ್ಕೆ ಮೊದಲು ಬಲಿಯಾದದ್ದು ಕರಡಿ. ದರೋಜಿಯ ಗುಡ್ಡದ ಕಡೆಯಿಂದ ಸೀತಾಫಲದ ವಾಸನೆ ಹಿಡಿದು ಬಂದದ್ದು, ಬೇಲಿಯ ಹತ್ತಿರ ಸುಳಿಯಿತು. ಕಂಪ್ಲಿಯ ಹರಿಗೋಲಿನವನು ಪಹರೆಯಲ್ಲಿದ್ದ. ಪಾಪ, ಹೆದರಿಕೆಯಲ್ಲೂ ನಿಯಮ ಮರೆಯದೆ ಕರಡಿಯನ್ನು ಮೂರು ಸಲ ಹುಕುಂದಾರ್ ಅಂತ ಕೇಳಿ, ಅದು ಫ್ರೆಂಡ್ ಅನ್ನದೆ ಇದ್ದದ್ದಕ್ಕೆ ಸುಟ್ಟ. ದೊರೆ ಅವನ ಬೆನ್ನು ತಟ್ಟಿ, ಚರ್ಮ ಸುಲಿಸಿಕೊಂಡು ಹೋದ. ಲೈನಿನಲ್ಲಿ ಒಂದು ವಾರ ಅದೇ ಮಾತು, ಅದೇ ನಗು. ನನ್ನ ಗಂಡ ಮಾತ್ರ ನಗಲಿಲ್ಲ. ತಾಟಿನ ಮುಂದೆ ಕೂತವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದರು.

"ಏನಾತ್ರಿ?" ಅಂದೆ.

"ನಮ್ಮ ಮಂದಿ ಓ ಅನ್ನೋದೂ ಮೂರಕ್ಕ," ಅಂದರು. "ನಾವು ಗುಂಡು ಹಾರ್ಸೋದೂ ಮೂರಕ್ಕ. ಎರಡೂ ಕೂಡೇ ಬರ್ತಾವಲ್ಲಲೇ. ಹೆಂಗಿದು?"

ನನಗೆ ತಟ್ಟನೆ ಅಪ್ಪ ನೆನಪಾದ. ನನ್ನ ಅಪ್ಪ ವಾರಕ್ಕೊಮ್ಮೆ, ಸಂತೆಯ ದಿನ, ತೋಟದ ಕೆಲಸ ಮುಗಿಸಿ ಹೊತ್ತು ಇಳಿಯುವಾಗ ನನ್ನನ್ನು ನೋಡಲು ಬರುತ್ತಿದ್ದ. ಅವ್ವ ಹೋದ ಮೇಲೆ ಅವನಿಗೆ ನಾನೊಬ್ಬಳೇ. ಗಾಡಿದಾರಿಯನ್ನು ಕ್ಯಾಂಪು ನುಂಗಿದ್ದರಿಂದ ಉಳಿದದ್ದು ಕಾಲುವೆಯ ಏರಿ. ಆ ಏರಿಯ ನಡುವೆ ಒಂದು ಪಹರೆ. ಗುಡಿಯ ಕಡೆಯಿಂದ ಸುತ್ತಿ ಬರಬಹುದಿತ್ತು. ಆದರೆ ತನ್ನ ತಾತ ನಡೆದ ಏರಿಯನ್ನು ಬಿಟ್ಟು ಸುತ್ತಿ ಬರಲು ಅಪ್ಪ ಒಪ್ಪಬೇಕಲ್ಲ!

ಮರುದಿನವೇ ಗಂಡ ಹವಾಲ್ದಾರನ ಮುಂದೆ ನಿಂತು ಹೇಳಿದರು. ಸಾಹೇಬರ, ನಮ್ಮ ಕಡೆಯವರು ಮೂರನೇ ಕೂಗಿನವರೆಗೂ ಬಾಯಿ ಬಿಡುವುದಿಲ್ಲ, ನಾಲ್ಕನೆಯದೊಂದು ಕೂಗಿಗೆ ಅಪ್ಪಣೆ ಕೊಡಿ ಎಂದು. ಹವಾಲ್ದಾರ ಹಲ್ಲು ಕಿರಿದ. ಆದರೂ ದೊರೆಗೆ ಮುಟ್ಟಿಸಿದ. ದೊರೆ ಕೆಟ್ಟವನೇನಲ್ಲ, ಗೋಳು ಹೊಯ್ದುಕೊಳ್ಳಲೂ ಇಲ್ಲ. ನಿಯಮ ಎಲ್ಲ ಕ್ಯಾಂಪಿಗೂ ಒಂದೇ, ಬೇಕಾದರೆ ಹಳ್ಳಿಗಳಲ್ಲಿ ಡಂಗುರ ಹಾಕಿಸೋಣ, ಮೊದಲನೇ ಕೂಗಿಗೇ ಉತ್ತರ ಕೊಡಲಿ ಎಂದನಂತೆ.

ಡಂಗುರ ಹಾಕಿಸಿದರು. ನಮ್ಮೂರಿನಲ್ಲಿ ತಮಟೆ ಬಡಿಯುವವನು ಓಣಿ ಓಣಿ ತಿರುಗಿ, "ಕ್ಯಾಂಪಿನ ಹಂತ್ಯಾಕ ಯಾರರ ಕೂಗಿದ್ರ ಮೊದಲ್ನೇ ಕೂಗಿಗೇ ಓ ಅನ್ಬೇಕ್ರಪ್ಪೋ," ಎಂದು ಸಾರಿದ. ಸಾರಿದ ಮೇಲೆ, ಇದು ಸರಕಾರದ ಮಾತು, ತನ್ನದಲ್ಲ ಎಂದು ತಾನಾಗಿಯೇ ಸೇರಿಸಿದ. ಮುದುಕಿಯರು ಬಾಗಿಲಿಗೆ ಬಂದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು. ಯುದ್ಧಕ್ಕೆ ಜನ ಸಾಲದೆ ಸರಕಾರ ನಮ್ಮನ್ನು ಮಾರಿಗೆ ಕೊಡುತ್ತಿದೆ ಎಂದು ಒಬ್ಬಳು ಅಂದಳು. ಮೂರು ದಿನದಲ್ಲಿ ಅದು ಕಂಪ್ಲಿಯ ಸಂತೆಯವರೆಗೂ ಹೋಯಿತು. ಮೊದಲೇ ಬಾಯಿ ಬಿಗಿದುಕೊಂಡಿದ್ದ ಜನ ಇನ್ನೂ ಬಿಗಿದುಕೊಂಡರು.

ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿ ನನ್ನ ಗಂಡ ತಮ್ಮದೇ ದಾರಿ ಹುಡುಕಿದರು. ಪಹರೆಯಲ್ಲಿದ್ದಾಗ ನಿಯಮದ ಹುಕುಂದಾರ್ ಎರಡು ಸಲ ಕೂಗುವುದು. ಆಮೇಲೆ ನಮ್ಮ ಮಾತಿನಲ್ಲಿ, "ಯಣ್ಣಾ, ಯಕ್ಕಾ, ಎರಡಾತು, ಇದು ಮೂರ್ನೇದು, ಓ ಅನ್ರಿ!" ಅನ್ನುವುದು. ಅಪ್ಪ ಬರುವ ದಿನ ಕೇಳುವುದೇ ಬೇಡ, ದೂರದಿಂದಲೇ, "ಮಾವಾರ, ನಾನ ಅದೀನಿ, ಬರ್ರಿ ಬರ್ರಿ!" ಪಡೆಯಲ್ಲಿದ್ದ ಉಳಿದ ಊರವರಿಗೂ ಇದನ್ನು ಹೇಳಿಕೊಟ್ಟರು. ಬಂದೂಕಿನ ಜೊತೆಗೆ ಹೊರಗಿನಿಂದಲೂ ಒಂದಷ್ಟು ಪಹರೆಯವರು ಬಂದಿದ್ದರು, ಅವರಿಗೆ ಹೇಳಿ ಏನು ಪ್ರಯೋಜನ? ಅವರಿಗೆ ನಮ್ಮ ಮಾತೇ ಬರುತ್ತಿರಲಿಲ್ಲ. ಅಂಥವರು ಏರಿಯ ಮೇಲೆ ಇರುವ ದಿನ ಅಪ್ಪ ಬಂದರೆ ಗತಿಯೇನು ಎಂಬ ಭಯ ನಮ್ಮಿಬ್ಬರನ್ನೂ ತಿನ್ನುತ್ತಿತ್ತು.

ನಾನು ಅಪ್ಪನ ಕಾಲು ಹಿಡಿದು ಹೇಳಿದೆ. "ಮೊದಲ್ನೇದಕ್ಕ ಓ ಅನ್ನಪ್ಪಾ. ನನ್ನ ಸಲುವಾಗಿ."

"ನಮ್ಮಣ್ಣ ಅಂದಿದ್ದ," ಅಂದ ಅಪ್ಪ. ಅಷ್ಟೇ.

ಆಗ ಉಪಾಯ ಹೊಳೆದದ್ದು ನನ್ನ ಗಂಡನಿಗೆ. "ಓ ಅನ್ನಬ್ಯಾಡ್ರಿ ಮಾವಾರ. ಫ್ರೆಂಡ್ ಅನ್ರಿ. ಅದು ಓ ಅಲ್ಲಲ್ರೀ. ಮಾರಿಗೆ ಇಂಗ್ಲಿಷ್ ಎಲ್ಲಿ ಬರ್ತೈತಿ?"

ಅಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಹೊರಗಿನ ದನಿಗಾದರೆ ಅಡ್ಡಿಯಿಲ್ಲ ಎಂದು ಕೊನೆಗೆ ಒಪ್ಪಿದ. ಗುರುತಿಲ್ಲದವನು ಕೂಗಿದರೆ ಅದು ಮಾರಿ ಅಲ್ಲವೇ ಅಲ್ಲ, ಅಂಥವನಿಗೆ ಮೊದಲನೇ ಸಲಕ್ಕೇ ಇಂಗ್ಲಿಷಿನಲ್ಲಿ ಉತ್ತರ ಕೊಡಬಹುದು. ಆದರೆ ಆ ಮಾತು ಅವನ ನಾಲಗೆಗೆ ಹೊರಳಲಿಲ್ಲ. ಫ್ರೆಂಡ್ ಅನ್ನಲು ಹೋಗಿ ಪೆಂಡಿ ಆಯಿತು. ಪೆಂಡಿ ಅಂದರೆ ನಮ್ಮಲ್ಲಿ ಹುಲ್ಲಿನ ಕಟ್ಟು. ನಾನು ಮತ್ತು ಗಂಡ ಹೊಟ್ಟೆ ಹಿಡಿದು ನಕ್ಕೆವು. ಅಪ್ಪ ಬಾಯಿ ತುಂಬ ಎಲೆ ಇಟ್ಟುಕೊಂಡೇ, "ಪೆಂಡಿ! ಪೆಂಡಿ!" ಅಂತ ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಆ ಮಾತು ಊರಿಗೂ ಹಬ್ಬಿತು. ಹೊರೆ ಹೊತ್ತ ಹೆಂಗಸರು, ಎಮ್ಮೆ ಹೊಡೆದುಕೊಂಡು ಬರುವವರು, ಎಲ್ಲರೂ ಪೆಂಡಿ ಅಂದುಕೊಂಡೇ ಏರಿ ದಾಟಿದರು. ಹೊರಗಿನ ಪಹರೆಯವರಿಗೂ ಅದು ಫ್ರೆಂಡ್ ಎಂದೇ ಕೇಳಿಸುತ್ತಿತ್ತು. ಆ ಒಂದು ವರ್ಷ ಯಾರ ಮೈಗೂ ಗುಂಡು ತಾಕಲಿಲ್ಲ. ನನ್ನ ಗಂಡ ಉಂಡ ಅನ್ನ ಮೈಗೆ ಹತ್ತಿದ್ದೂ ಆ ವರ್ಷ.

ಆಮೇಲೆ ಚಲೇಜಾವ್ ಗಲಾಟೆ ಬಂತು. ಅಲ್ಲಲ್ಲಿ ತಂತಿ ಕಡಿದರು ಎಂಬ ಸುದ್ದಿ ಬಂದದ್ದೇ ತಡ, ಕ್ಯಾಂಪಿನ ಮುಖವೇ ಬದಲಾಯಿತು. ಅದೇ ಸಮಯಕ್ಕೆ ಪೆಟ್ರೋಲಿನ ಡಬ್ಬಿಗಳು ಮಾಯವಾದವು. ಯಾರು ಕದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಊರಿನ ಪಹರೆಯವರೇ ತಮ್ಮ ನಂಟರನ್ನು ಒಳಗೆ ಬಿಟ್ಟಿದ್ದಾರೆ ಎಂದು ಹವಾಲ್ದಾರ ತೀರ್ಮಾನ ಮಾಡಿದ. ಪಹರೆಯಲ್ಲಿ ನಿಂತು ಅಣ್ಣಾ ಅಕ್ಕಾ ಎಂದು ಮಾತಾಡಿಸುವವನು ಯಾರು? ನನ್ನ ಗಂಡ. ಮರಳಿನ ಚೀಲ ಬೆನ್ನಿಗೆ ಕಟ್ಟಿ, ಬಿಸಿಲಲ್ಲಿ ಬಯಲು ಸುತ್ತಿಸಿದರು. ಲೈನಿನ ಹೆಂಗಸರೆಲ್ಲ ಬಾಗಿಲು ಮುಚ್ಚಿಕೊಂಡೆವು, ನೋಡಲಾರದೆ. ಸಂಜೆ ಅವರ ಭುಜಕ್ಕೆ ಕೊಬ್ಬರಿ ಎಣ್ಣೆ ಹಚ್ಚುವಾಗ ಚರ್ಮ ನನ್ನ ಬೆರಳಿಗೇ ಬಂತು.

ಇನ್ನು ಪಹರೆಯಲ್ಲಿ ಕನ್ನಡದ ಒಂದು ಮಾತು ಬಂದರೂ, ಮೂರರ ಮೇಲೆ ನಾಲ್ಕನೇ ಕೂಗು ಕೇಳಿದರೂ ಜೈಲು ಎಂದು ಹವಾಲ್ದಾರ ದೊರೆಯ ಮುಂದೆಯೇ ಹೇಳಿದನಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಡಲಿಲ್ಲ.

"ಬಿಟ್ಟು ಬರ್ರಿ ಈ ನೌಕ್ರಿ," ಅಂದೆ. "ಗಾಡಿ ಹೊಡದ್ರಾತು."

"ನಾ ಬಿಟ್ರ ನನ್ನ ಜಾಗಕ್ಕ ಹೊರಗಿನವ ಬರ್ತಾನ," ಅಂದರು. "ಅವ ಮೂರು ಸಲಾನರ ನೆಟ್ಟಗ ಕೂಗ್ತಾನಂತ ಏನು ಗ್ಯಾರಂಟಿ? ನಾ ಇದ್ರ ಒಂದೊಂದು ಕೂಗಿನ ನಡುವ ಸ್ವಲ್ಪ ತಡೀತೀನಿ." ಆ ಮಾತು ನಿಜ. ಈಗ ಕೂತು ನೆನೆದರೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ಹುಡುಕಿಲ್ಲ ಅಂತಲ್ಲ.

ಅಪ್ಪನಿಗೆ ಹೇಳಿ ಕಳಿಸಿದೆವು, ಕೆಲವು ವಾರ ಬರಬೇಡ ಎಂದು. ಎರಡು ವಾರ ಬರಲಿಲ್ಲ. ಮೂರನೇ ವಾರ ಬಾಳೆಗೊನೆ ಹಣ್ಣಾಗಿತ್ತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಸಂಜೆ ಗಾಳಿ ಎದ್ದು ಕೆಮ್ಮಣ್ಣಿನ ಧೂಳು ಕಣ್ಣು ಬಿಡಗೊಡುತ್ತಿರಲಿಲ್ಲ. ಲೈನಿನ ತಗಡುಗಳು ದಡದಡ ಅನ್ನುತ್ತಿದ್ದವು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಏರಿಯ ಮೇಲೆ ನನ್ನ ಗಂಡನ ಪಾಳಿ. ಅಂದು ದೊರೆ ಮತ್ತು ಹವಾಲ್ದಾರ ಪಹರೆಗಳನ್ನು ಪರೀಕ್ಷೆ ಮಾಡುತ್ತಾ ಹೊರಟು ಅಲ್ಲಿಗೇ ಬಂದು ಅವರ ಪಕ್ಕದಲ್ಲಿ ನಿಂತಿದ್ದರು. ಅದು ನನಗೆ ಆಮೇಲೆ ಗೊತ್ತಾದದ್ದು.

ಹುಕುಂದಾರ್ ಎಂಬ ಕೂಗು ಕೇಳಿಸಿತು. ಗಂಡನ ದನಿ. ದಿನಾ ಕೇಳುವ ಕೂಗೇ ಆದ್ದರಿಂದ ನಾನು ತಲೆ ಎತ್ತಲಿಲ್ಲ. ಅದರ ಹಿಂದೆ ಪೆಂಡಿ ಬರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಅಂದು ಸಂತೆಯ ದಿನ.

ಎರಡನೇ ಕೂಗು ಬರುವುದು ತಡವಾಯಿತು. ಅವರು ತಡೆಯುತ್ತಿದ್ದಾರೆ ಎಂದು ನನಗೆ ತಿಳಿಯಿತು. ಎದ್ದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಎರಡನೆಯದು ಬಂತು. "ಪೆಂಡಿ ಅನ್ನಪ್ಪಾ," ಅಂತ ನಾನು ಗಾಳಿಗೆ ಕಿರುಚಿದೆ. ನನ್ನ ಕೂಗು ಲೈನಿನ ಕೊನೆಯ ಮನೆಗೂ ಮುಟ್ಟಲಿಲ್ಲ. ಏರಿಯ ಕಡೆ ಕೆಂಪು ಧೂಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮೂರನೆಯ ಕೂಗಿನಲ್ಲಿ ಅವರ ದನಿ ಒಡೆದಿತ್ತು. ಒಡನೆಯೇ ಬಂದೂಕಿನ ಸದ್ದಾಯಿತು.

ನಾನು ಓಡಿ ಏರಿ ಹತ್ತುವಷ್ಟರಲ್ಲಿ ಅಪ್ಪನನ್ನು ಅಂಗಾತ ಮಲಗಿಸಿದ್ದರು. ತೊಡೆಗೆ ತಗುಲಿತ್ತು. ಹೆಗಲ ಮೇಲಿದ್ದ ಗೋಣಿಚೀಲ ಬಿದ್ದು ಬಾಳೆಹಣ್ಣು ಏರಿಯ ತುಂಬ ಚೆಲ್ಲಿದ್ದವು. ಹೆಗಲ ಮೇಲಿನ ಆ ಚೀಲವನ್ನೇ ಪೆಟ್ರೋಲಿನ ಡಬ್ಬಿ ಅಂದುಕೊಂಡಿದ್ದರು. ಗಂಡ ಬಂದೂಕನ್ನು ನೆಟ್ಟಗೆ ಹಿಡಿದು ನಿಂತಲ್ಲೇ ನಿಂತಿದ್ದರು. ಪಹರೆಯ ಜಾಗ ಬಿಟ್ಟು ಕದಲುವಂತಿಲ್ಲ ಎಂದು ಹವಾಲ್ದಾರ ಹೇಳಿದ್ದನಂತೆ. ಅವರ ಎರಡೂ ಕಣ್ಣಿಂದ ನೀರು ಸುರಿದು, ಕೆಂಪು ಧೂಳು ಮೆತ್ತಿದ ಮುಖದ ಮೇಲೆ ಗೆರೆ ಬಿದ್ದಿತ್ತು. ನಾನು ಅವರ ಕಡೆ ಒಂದೇ ಸಲ ನೋಡಿದ್ದು.

ದೊರೆಯ ಲಾರಿಯಲ್ಲೇ ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಅಪ್ಪ ನಾಲ್ಕು ದಿನ ಇದ್ದ. ಕಾಲು ಕಪ್ಪಾಗುತ್ತಾ ಬಂತು. ಎಚ್ಚರವಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ, ಸಿಟ್ಟಿನಿಂದಲೇ ಕೇಳಿದೆ, ಅಷ್ಟು ಕಲಿಸಿದ್ದೆವಲ್ಲ, ಪೆಂಡಿ ಯಾಕೆ ಅನ್ನಲಿಲ್ಲ ಎಂದು.

"ಅಳಿಯನ ದನಿ ಇತ್ತಲ್ಲ ಮಗಳ," ಅಂದ. "ಯಾವಾಗ್ಲೂ ಮಾವಾರ ಬರ್ರಿ ಅನ್ನಾಂವ. ಅವತ್ತು ಅವನ ದನಿ, ಅವನ ಮಾತಲ್ಲ. ಗುರ್ತಿನ ದನಿ ಯಾರ್ದಂತ ನಿನಗ ಗೊತ್ತಲ್ಲ. ನಮ್ಮಣ್ಣ ಹಂಗ ಹೋದ."

ನೀರು ಕೇಳಿ ಕುಡಿದು ಮತ್ತೆ ಅಂದ. "ಅವನ್ನ ಬೈಬ್ಯಾಡ. ಮೂರ್ನೇದಕ್ಕ ನಾ ಓ ಅಂದೆ. ಗುಂಡಿನ ಸದ್ದಿನಾಗ ಅವಗ ಕೇಳಿಸ್ಲಿಲ್ಲ, ಅಷ್ಟ."

ವಿಚಾರಣೆ ನಡೆಯಿತು. ಮೂರು ಸಲ ಕೂಗಿದ್ದಾನೆ, ಮೂರಕ್ಕೂ ಉತ್ತರ ಬಂದಿಲ್ಲ, ಪಹರೆಯವನದು ತಪ್ಪಿಲ್ಲ ಎಂದರು. ಸತ್ತವನು ಪಹರೆಯವನ ಮಾವ ಎಂದು ತಿಳಿದ ಮೇಲೆ ಮೆಚ್ಚುಗೆ ಇನ್ನೂ ಹೆಚ್ಚಾಯಿತು. ಇಂಥ ನಿಷ್ಠೆ ಉಳಿದವರಿಗೆ ಮಾದರಿಯಾಗಬೇಕು ಎಂದು ಸಾಲು ನಿಲ್ಲಿಸಿ ಹೇಳಿ, ತೋಳಿಗೆ ಒಂದು ಪಟ್ಟಿ ಕೊಟ್ಟರು. ಬಡ್ತಿಯ ಗುರುತು. ಅದನ್ನು ಹೊಲಿಯಬೇಕಲ್ಲ. ಗಂಡ ಕೋಣೆಗೆ ಬಂದು ಪಟ್ಟಿಯನ್ನು ಚಾಪೆಯ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತರು. ನಾನು ಅದನ್ನು ಇಕ್ಕಳದಲ್ಲಿ ಎತ್ತಿ ಒಲೆಗೆ ಹಾಕಿದೆ. ಕೈಯಲ್ಲಿ ಮುಟ್ಟಲು ಮನಸ್ಸಾಗಲಿಲ್ಲ. ಸರಕಾರದ ವಸ್ತು ಸುಟ್ಟದ್ದಕ್ಕೆ ಅವರಿಗೆ ಮತ್ತೆ ಮರಳಿನ ಚೀಲದ ಶಿಕ್ಷೆಯಾಯಿತು. ಈ ಸಲ ನಾನು ಬಾಗಿಲು ಮುಚ್ಚಲಿಲ್ಲ. ಎಣ್ಣೆಯನ್ನೂ ಹಚ್ಚಲಿಲ್ಲ.

ಧೂಳಿನಲ್ಲಿ ಮಾವ ಎಂದು ಗೊತ್ತಾಗಲಿಲ್ಲ ಎಂದು ಅವರು ಒಂದೇ ಸಲ ಹೇಳಿದರು. ಕೆಲವು ದಿನ ನಾನು ನಂಬಿದೆ, ಕೆಲವು ದಿನ ನಂಬಲಿಲ್ಲ. ಕಾಲಿಗೆ ಗುರಿ ಇಟ್ಟಿದ್ದರು, ಅದಂತೂ ನಿಜ. ನಾನು ಅನ್ನ ಬಡಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಮಾತು ಮಾತ್ರ ಇರಲಿಲ್ಲ. ಊಟಕ್ಕೆ ಕರೆಯಬೇಕಾದರೆ ತಾಟನ್ನು ನೆಲಕ್ಕೆ ಕುಕ್ಕುತ್ತಿದ್ದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಏನ್ರೀ ಅನ್ನುತ್ತಾಳೆ. ಆ ಏನ್ರೀ ಕೂಡ ನನ್ನ ಬಾಯಿಂದ ಬರಲಿಲ್ಲ. ಯುದ್ಧ ಮುಗಿಯುವವರೆಗೂ ಬರಲಿಲ್ಲ.

ಯುದ್ಧ ಮುಗಿಯಿತು. ಡೇರೆ, ಟೈರು, ಖಾಲಿ ಡಬ್ಬಿ ಎಲ್ಲ ಹರಾಜಾದವು. ಪಡೆಯನ್ನು ಒಂದು ಬೆಳಿಗ್ಗೆ ಸಾಲು ನಿಲ್ಲಿಸಿ, ಬೂಟು ಮತ್ತು ಖಾಕಿ ವಾಪಸು ತೆಗೆದುಕೊಂಡು ಮನೆಗೆ ಕಳಿಸಿದರು. ಹೊಸಪೇಟೆಯ ಅಟ್ಟಗಳಲ್ಲಿ ಆ ಡಬ್ಬಿಗಳು ಜೋಳ ತುಂಬಿಕೊಂಡು ಬಹಳ ವರ್ಷ ಉಳಿದವು. ಪಡೆಯ ಚರಿತ್ರೆ ಅಲ್ಲಿಗೆ ಮುಗಿಯಿತು. ಒಂದು ಕರಡಿ, ಒಬ್ಬ ನನ್ನ ಅಪ್ಪ. ಜಪಾನಿನವರು ಯಾರೂ ನಮ್ಮ ಏರಿಯ ಮೇಲೆ ನಡೆದು ಬರಲಿಲ್ಲ.

ನಾವು ಮಲಪನಗುಡಿಗೆ ಬಂದೆವು. ಅವರು ಮತ್ತೆ ಕಬ್ಬಿನ ಗಾಡಿ ಕಟ್ಟಿದರು. ಆ ಓಣಿಯಲ್ಲಿ ಎಲ್ಲರೂ ಇನ್ನೂ ಮೂರನೇ ಕೂಗಿಗೆ ಕಾಯುವವರೇ. ಇವರೊಬ್ಬರು ಮಾತ್ರ ಮುಸ್ಸಂಜೆ ಯಾರು ಕೂಗಿದರೂ ಮೊದಲನೆಯದಕ್ಕೇ ಓ ಅನ್ನತೊಡಗಿದರು. ದೊಡ್ಡ ದನಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ. ತಮ್ಮನ್ನು ಕೂಗಿದ್ದಲ್ಲದಿದ್ದರೂ ಅನ್ನುತ್ತಿದ್ದರು. ಪಕ್ಕದ ಮನೆಯವಳು ಕೋಳಿ ಕರೆದರೂ ಓ, ಯಾರೂ ಕರೆಯದೆ ಬರೀ ಗಾಳಿ ಬೀಸಿದರೂ ಓ. ಹೆಂಗಸರು ಹೆದರಿದರು. ಒಂದು ದಿನ ಎದುರು ಮನೆಯ ಮುದುಕಿ ತಡೆಯಲಾರದೆ ಕಟ್ಟೆಗೆ ಬಂದು, "ಬ್ಯಾಡೋ ಯಪ್ಪಾ, ಹಂಗ ಮೊದಲ್ನೇದಕ್ಕ ಅನಬ್ಯಾಡ, ಆಕಿ ಬಂದು ಒಯ್ತಾಳ," ಅಂದಳು.

"ಬರ್ಲಿ ಬಿಡಬೇ," ಅಂದರು. "ನಾನೂ ಆಕಿನ್ನ ಕಾಯಾಕತ್ತೀನಿ."

ನಾನು ಒಳಗೆ ಜೋಳ ಬೀಸುತ್ತಿದ್ದವಳು ಕೇಳಿಸಿಕೊಂಡೆ. ಅಷ್ಟು ವರ್ಷದ ಸಿಟ್ಟು ನನ್ನ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಅಪ್ಪನ ಮೇಲೆ ಆಣೆ, ಅದು ಹೋಯಿತು ಅನ್ನುವುದಿಲ್ಲ. ಆದರೆ ಬೀಸುವ ಕೈ ನಿಂತಿತು, ಅಂದು ಏರಿಯ ಕೂಗಿಗೆ ನಿಂತ ಹಾಗೆಯೇ. ಈ ಮನೆಯಿಂದ ಮಾರಿ ಇನ್ನೊಬ್ಬರನ್ನು ಒಯ್ಯುವುದು ನನಗೆ ಬೇಕಿರಲಿಲ್ಲ. ಅಂದು ದೀಪ ಹಚ್ಚುವ ಹೊತ್ತಿಗೆ ಹೊಸಿಲಿಗೆ ಬಂದು ನಿಂತು, ಅವರನ್ನು ಊಟಕ್ಕೆ ಕೂಗಿದೆ. ಒಂದು ಸಲ ಕೂಗಿದರೆ ಅದು ಮೊದಲನೆಯದಾಗುತ್ತದೆ, ಅದಕ್ಕೆ ಮೂರನ್ನೂ ಒಂದೇ ಉಸಿರಿಗೆ ಸೇರಿಸಿ ಕೂಗಿದೆ: "ಏನ್ರೀ, ಏನ್ರೀ, ಏನ್ರೀ!"

ಅವರು ಕಟ್ಟೆಯಿಂದ ತಿರುಗಿ ನೋಡಿದರು. ಓ ಅಂದಾಗಿತ್ತು.

ಅಂದಿನಿಂದ ಅವರು ಇರುವವರೆಗೂ ನಾನು ಹಾಗೆಯೇ ಕೂಗಿದೆ. ಮಾರಿಯೂ ಅವರನ್ನು ಬೇಗ ಒಯ್ಯಲಿಲ್ಲ, ಬಹಳ ವರ್ಷ ಬದುಕಿದರು. ಮೂರೂ ಮುಗಿದ ಮೇಲೆ ಅವರ ಓ ಬರಲಿ ಎಂದು ಎಷ್ಟು ಜಲ್ದಿ ಕೂಗಿದರೂ, ಅದು ನನ್ನ ಮೊದಲನೆಯದಕ್ಕೇ ಬಂದುಬಿಡುತ್ತಿತ್ತು.